ಎರಡು ಬೆಲೆಯ ಮೇಜು

ಮೊನ್ನೆ ಕುಕ್ಕುಂದೂರಿನ ಗಿರಾಕಿಯೊಬ್ಬ ಬಹರೈನಿನಿಂದ ತಂದ ಟೇಪ್ ರೆಕಾರ್ಡರನ್ನು ನನ್ನ ಅಂಗಡಿಯ ಕೌಂಟರಿನ ಮೇಲಿಟ್ಟು ಪೆಟ್ಟಿಗೆ ಬಿಚ್ಚಿದ. ಹೊಸ ಪ್ಲಾಸ್ಟಿಕ್ಕು, ಥರ್ಮೊಕೋಲು, ರೆಕ್ಸಿನ್ ಚೀಲ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಅವನು ಬಂದದ್ದು ಅದಕ್ಕೆ ಹೊಂದುವ ಪ್ಲಗ್ಗು ಕೇಳಲು. ನನಗೆ ಆ ವಾಸನೆಗೇ ಸಿಟ್ಟು ನೆತ್ತಿಗೇರಿತು. ಪ್ಲಗ್ಗು ಕೊಟ್ಟೆ, ಚಿಲ್ಲರೆ ಕೊಟ್ಟೆ, ಮುಖ ಕೊಟ್ಟು ಮಾತಾಡಲಿಲ್ಲ. ಪಾಪ, ಅವನು ನನಗೇನು ಮಾಡಿದ್ದಾನೆ? ಮಾಡಿದವರು ಕಾಪುವಿನಲ್ಲಿದ್ದಾರೆ. ಹತ್ತು ವರ್ಷವಾಯಿತು. ಕಾಪುವಿನ ಮೇಲೆ ಹೋಗುವ ಬಸ್ಸು ಹತ್ತಿದರೆ ಈಗಲೂ ನಾನು ಸಮುದ್ರದ ಕಡೆ ಕೂರುವುದಿಲ್ಲ, ಅವರ ಮನೆ ಆ ಕಡೆಗೆ ಉಂಟೆಂದು.

ತಪ್ಪು ಯಾರದೆಂದು ನೀವೇ ಹೇಳಿ. ಅದಕ್ಕೆ ಮೊದಲು ನಾನು ಎಂಥವನೆಂದು ತಿಳಿದುಕೊಳ್ಳಿ. ಕಾರ್ಕಳದ ಸಂತೆಯಲ್ಲಿ ಗೋಣಿ ಹಾಸಿ ಬೀಗ, ಚಿಲಕ ಮಾರಿ ಮೇಲೆ ಬಂದವನು ನಾನು. ವಸ್ತುವಿನ ತಳ ತಿರುಗಿಸಿ ನೋಡಿದರೆ ಸಾಕು, ಮಾರುವವನು ಎಷ್ಟಕ್ಕೆ ಇಳಿಯುತ್ತಾನೆಂದು ಹೇಳಬಲ್ಲೆ. ನಿಮಗೂ ಒಂದು ಉಪಾಯ ಕೊಡುತ್ತೇನೆ, ಇಟ್ಟುಕೊಳ್ಳಿ: ಅಂಗಡಿಗೆ ಹೋದರೆ ಮೊದಲು ಬೇಡದ ವಸ್ತುವಿನ ಬೆಲೆ ಕೇಳಿ, ಅದಕ್ಕೆ ಮುಖ ಸಿಂಡರಿಸಿ, ಹೊರಡುವ ಹಾಗೆ ಎರಡು ಹೆಜ್ಜೆ ಇಟ್ಟು, ಆಮೇಲೆ ಬೇಕಾದದ್ದರ ಕಡೆ ಬೆರಳು ತೋರಿಸಿ. ಮತ್ತೊಂದು: ಗುಂಡಿಗಳಿರುವ ವಸ್ತುವಾದರೆ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ. ಒಂದಾದರೂ ಬಿಗಿಯಾಗಿರುತ್ತದೆ. ಬೆಲೆ ಇಳಿಯುವುದೇ ಅಲ್ಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ನಾಲ್ಕು ಮಂದಿ ಗೆಳೆಯರು ಆದಿತ್ಯವಾರ ಸಂಜೆ ಕಾಪುವಿನ ಸಂಜೀವನ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. ಸಂಜೀವ ಪ್ರಾಥಮಿಕ ಶಾಲೆಯ ಮಾಸ್ತರ. ರಘುರಾಮ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದ, ಕ್ಯಾಮರಾದ ಹುಚ್ಚಿನವ. ಅನಂತ ಉಡುಪಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವ, ಮನೆಯ ಹಿಂದೆ ಗುಲಾಬಿ ಬೆಳೆಸುತ್ತಿದ್ದ. ಜಗಲಿಯಲ್ಲೊಂದು ಮೇಜು. ಅಲ್ಲಿಗೆ ಬರಿಗೈಯಲ್ಲಿ ಬರುವಂತಿಲ್ಲ. ಆ ವಾರ ಕೊಂಡದ್ದೋ ಮಾಡಿದ್ದೋ ಏನಾದರೊಂದನ್ನು ಮೇಜಿನ ಮೇಲಿಡಬೇಕು. ಪೆನ್ನಿನ ಹೊಸ ನಿಬ್ಬಾದರೂ ನಡೆಯುತ್ತದೆ. ಒಮ್ಮೆ ಸಂಜೀವ ತೆಂಗಿನ ಚಿಪ್ಪಿನಿಂದ ಸಾಬೂನಿನ ಬಟ್ಟಲು ಕೆತ್ತಿ ತಂದು, ಮದುಮಗನ ಹಾಗೆ ನಾಚಿಕೊಂಡು ಕೂತಿದ್ದ. ಅದರ ತಳಕ್ಕೆ ತೂತು ಮಾಡಲು ಮರೆತಿದ್ದ. ಸಾಬೂನೆಲ್ಲ ಪಾಯಸವಾಯಿತೆಂದು ಅವನ ಹೆಂಡತಿ ಸುಂದರಿಯಕ್ಕ ಒಂದು ತಿಂಗಳು ಆಡಿಕೊಂಡರು.

ನನ್ನ ಕೆಲಸ ಬೆಲೆ ಕಟ್ಟುವುದು. ಯಾರೂ ಒಪ್ಪಿಸಿದ್ದಲ್ಲ, ನಾನೇ ವಹಿಸಿಕೊಂಡದ್ದು. ವಸ್ತುವನ್ನು ಎತ್ತಿ, ತಿರುಗಿಸಿ, ಉಗುರಿನಿಂದ ತಟ್ಟಿ, "ಎಷ್ಟು ಕೊಟ್ಟೆ?" ಎನ್ನುತ್ತಿದ್ದೆ. ಹೇಳಿದರೆ, "ಮೋಸ ಹೋದೆ ಮಾರಾಯ" ಎಂದು ಯಾಕೆ ಮೋಸವೆಂದು ಬಿಡಿಸಿ ಹೇಳುತ್ತಿದ್ದೆ. ಗೆಳೆಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟೆ? ಮೊದಲ ವರ್ಷ ಅವರು ತುಂಬ ಮೋಸ ಹೋಗುತ್ತಿದ್ದರು. ಬರಬರುತ್ತ ಸುಧಾರಿಸಿದರು. ಎರಡನೆಯ ವರ್ಷದ ಹೊತ್ತಿಗೆ ಅವರು ಹೇಳುವ ಬೆಲೆಗಳು ಎಷ್ಟು ಚೆನ್ನಾಗಿರುತ್ತಿದ್ದವೆಂದರೆ, ನನ್ನ ಪಾಠ ಫಲಿಸಿತೆಂದು ಹೆಂಡತಿಯೊಡನೆ ಹೇಳಿಕೊಂಡು ಹಿಗ್ಗುತ್ತಿದ್ದೆ.

ಹಾಗಿರುವಾಗ ಸಂಜೀವ ಟೇಪ್ ರೆಕಾರ್ಡರು ಕೊಂಡ. ಎರ್ಮಾಳಿನಲ್ಲಿ ಗಲ್ಫಿನಿಂದ ರಜೆಗೆ ಬಂದವನೊಬ್ಬ ಎರಡು ತಂದಿದ್ದ, ಒಂದನ್ನು ಇವನಿಗೆ ಮಾರಿದ. ಸುಂದರಿಯಕ್ಕನ ತಾಯಿ ಎಲ್ಲೂರಿನಲ್ಲಿದ್ದರು. ಭತ್ತದ ನೇಜಿ ನೆಡುವಾಗ ಗದ್ದೆಯಲ್ಲಿ ಹಾಡುವ ತುಳು ಪಾಡ್ದನಗಳು ಆ ಊರಿನಲ್ಲಿ ಅವರಷ್ಟು ಯಾರಿಗೂ ಬರುತ್ತಿರಲಿಲ್ಲ. ಯಂತ್ರದ ಮುಂದೆ ಹಾಡಲು ನಾಚುತ್ತಿದ್ದ ಮುದುಕಿಯನ್ನು ಮಗಳು ಮೂರು ದಿನ ಪುಸಲಾಯಿಸಿ ಒಂದು ಕ್ಯಾಸೆಟ್ಟಿನ ತುಂಬ ಹಾಡಿಸಿದ್ದರು. ಆ ಆದಿತ್ಯವಾರ ಮೇಜಿನ ಮೇಲೆ ಅದೇ. ಮುದುಕಿಯ ಸ್ವರ ಜಗಲಿ ತುಂಬಿತ್ತು. ಎಲ್ಲರೂ ಬಾಯಿಮುಚ್ಚಿ ಕೂತಿದ್ದರು.

"ಎಷ್ಟು ಕೊಟ್ಟೆ?" ಎಂದೆ ನಾನು.

ಸಂಜೀವ ಬೆಲೆ ಹೇಳಿದ. ಪೇಟೆಯ ಬೆಲೆಯ ಅರ್ಧ! ಅಂಗಡಿಯಲ್ಲಿ ತರಕಾರಿಯವಳು ಕೊಟ್ಟ ಬೆಂಡೆ ಎಣಿಸಲು ನಾಚುವ ಈ ಮಾಸ್ತರ ನನಗಿಂತ ಚೆನ್ನಾಗಿ ಚೌಕಾಶಿ ಮಾಡಿದನೆ? ಆ ವಾರ ನನಗೆ ಊಟ ಸೇರಲಿಲ್ಲ. ಶನಿವಾರ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಎರ್ಮಾಳಿಗೆ ಹೋಗಿ, ಉಳಿದಿದ್ದ ಎರಡನೆಯದನ್ನು ಅದೇ ಬೆಲೆಗೆ ಕೊಡು ಎಂದೆ. ಗಲ್ಫಿನವನು ನಕ್ಕುಬಿಟ್ಟ.

"ಯಾವ ರೇಟು? ಮಾಸ್ಟ್ರು ಚೌಕಾಶಿಯೇ ಮಾಡ್ಲಿಲ್ಲ. ನಾನು ಹೇಳಿದ್ದನ್ನೇ ಕೊಟ್ರು. ಕಾರ್ಕಳದಿಂದ ಒಬ್ಬರು ಬಂದು ಕೇಳಿದ್ರೆ ಅರ್ಧಕ್ಕೆ ಕೊಟ್ಟೆ ಅಂತ ಹೇಳಿ ಅಂದಿದ್ರು. ಅಯ್ಯೋ, ಆ ಒಬ್ಬರು ನೀವೇಯಾ?"

ಮರುದಿನ ಕಾಪುವಿನ ಜಗಲಿ ಹತ್ತುವಾಗ ನಾನು ಚಪ್ಪಲಿಯನ್ನೂ ಬಿಚ್ಚಲಿಲ್ಲ. ಹಾಡು ನಡೆಯುತ್ತಿತ್ತು. ನಿಲ್ಲಿಸಿ ರೆಕಾರ್ಡರನ್ನು ಕೈಗೆತ್ತಿಕೊಂಡೆ. "ಇದಕ್ಕೆ ಎಷ್ಟು ಕೊಟ್ಟೆ? ಈಗ ಹೇಳು, ಎಷ್ಟು ಕೊಟ್ಟೆ?" ಎಂದು ಮತ್ತೆ ಮತ್ತೆ ಕೇಳುತ್ತ, ಅಷ್ಟು ಕೊಡಲು ಇದರಲ್ಲಿ ಎಂತ ಉಂಟೆಂದು ಕಪ್ಪು ಗುಂಡಿ, ಕೆಂಪು ಗುಂಡಿ ಎಲ್ಲವನ್ನೂ ಒತ್ತಿದೆ. ಮೇಜಿನ ಮೇಲೆ ಕುಕ್ಕಿದೆ.

"ಹೌದು, ಸುಳ್ಳು ಹೇಳಿದ್ದು," ಎಂದ ಸಂಜೀವ, ನೆಲ ನೋಡುತ್ತ.

"ಗೆಳೆಯನಿಗೆ ಸುಳ್ಳು ಹೇಳ್ತೀಯಾ? ಮಕ್ಕಳಿಗೆ ಎಂತ ಕಲಿಸ್ತೀ ನೀನು?"

ಆಗ ಚಹಾದ ತಟ್ಟೆ ಹಿಡಿದು ಬಂದ ಸುಂದರಿಯಕ್ಕ ಹೊಸ್ತಿಲಲ್ಲೇ ನಿಂತು ಹೇಳಿದರು: "ಅವರೊಬ್ಬರೇ ಅಲ್ಲ. ಈ ಮೇಜಿನ ಮೇಲೆ ಬಂದದ್ದಕ್ಕೆಲ್ಲ ಎರಡು ಬೆಲೆ ಉಂಟು. ಒಂದು ಕೊಟ್ಟದ್ದು, ಇನ್ನೊಂದು ನಿಮಗೆ ಹೇಳುದು. ಕೇಳಿ ಬೇಕಾದ್ರೆ."

ನಾನು ರಘುರಾಮನ ಕಡೆ ತಿರುಗಿದೆ. ಅವನೂ ಕೆರಳಿದ್ದ. "ನನ್ನ ಕ್ಯಾಮರಾದ್ದೂ ಸುಳ್ಳೇ. ಎಂತ ಮಾಡುದು? ನೀನು ಅದರ ತಳ ನೋಡಿದೆ, ಲೆನ್ಸಿಗೆ ಉಗುರು ತಾಗಿಸಿದೆ. ನಾನು ತೆಗೆದ ಒಂದು ಫೋಟೋ ನೋಡಿದ್ದೀಯಾ?"

"ನೀನು?" ಎಂದೆ ಅನಂತನಿಗೆ.

"ಗುಲಾಬಿ ಗಿಡ ನಾನು ಕಸಿ ಕಟ್ಟಿದ್ದಲ್ಲ ಮಾರಾಯ," ಎಂದ ಅವನು ತಲೆ ಕೆರೆದುಕೊಂಡು. "ಎಲ್ಲ ಕೊಂಡದ್ದೇ. ನಾನೇ ಮಾಡಿದ್ದು ಅಂದ್ರೆ ನೀನು ಬೆಲೆ ಕೇಳುದಿಲ್ಲ ಅಲ್ವಾ?"

ಎರಡು ವರ್ಷ! ಎರಡು ವರ್ಷ ನಾನು ಹೊಗಳಿದ ಚೌಕಾಶಿಯೆಲ್ಲ ನನಗಾಗಿ ಕಟ್ಟಿದ ನಾಟಕ. ಆ ಸುಳ್ಳು ಬೆಲೆಗಳನ್ನು ನಂಬಿ ಎಷ್ಟು ಅಂಗಡಿಯವರ ಜೊತೆ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಪೇಟೆಯಲ್ಲಿ ಯಾರಿಗೂ ಮೋಸ ಮಾಡಲು ಆಗದವನಿಗೆ ಚಹಾ ಕೊಟ್ಟು ಕೂರಿಸಿ ಮೋಸ ಮಾಡಿದ್ದರು. ಬಾಯಿಗೆ ಬಂದದ್ದನ್ನೆಲ್ಲ ಬಯ್ದು ಮೆಟ್ಟಿಲಿಳಿದೆ. ಮತ್ತೆ ಹತ್ತಲಿಲ್ಲ.

ಹದಿನೈದು ದಿನದಲ್ಲಿ ಸುಂದರಿಯಕ್ಕನ ಒಂದು ಕಾರ್ಡು ಬಂತು. ಅವತ್ತು ನಾನು ಒತ್ತಿದ್ದರಲ್ಲಿ ಧ್ವನಿ ಮುದ್ರಿಸುವ ಗುಂಡಿಯೂ ಇತ್ತಂತೆ. ಅಮ್ಮನ ಹಾಡು ನಡುವೆ ಅಳಿಸಿಹೋಗಿ ಅಲ್ಲಿ ನನ್ನ ಬೊಬ್ಬೆ ಕೂತಿದೆಯಂತೆ. ಎಲ್ಲೂರಿನಿಂದ ಬಂದ ಅಮ್ಮ ಅದನ್ನು ಕೇಳಿ, ಗಂಡಸರು ಬೊಬ್ಬೆ ಹಾಕಿದ ಪೆಟ್ಟಿಗೆಗೆ ತಾನಿನ್ನು ಹಾಡುವುದಿಲ್ಲ ಎಂದರಂತೆ. ಕೊನೆಗೆ, "ಒಮ್ಮೆ ಬಂದು ಕೇಳಿ" ಎಂದಿತ್ತು. ಮೋಸ ಮಾಡಿದ್ದಲ್ಲದೆ ಈಗ ಅಪವಾದವೂ ನನ್ನ ತಲೆಗೆ! ಕಾರ್ಡನ್ನು ನಾಲ್ಕು ತುಂಡು ಮಾಡಿದೆ.

ಶನಿವಾರ ಇಷ್ಟು ಬರೆದು ಎದ್ದಿದ್ದೆ, ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ಕುಕ್ಕುಂದೂರಿನವನ ಪೆಟ್ಟಿಗೆಯ ವಾಸನೆ ನನ್ನನ್ನು ಬಿಡಲಿಲ್ಲ. ನಿನ್ನೆ, ಆದಿತ್ಯವಾರ, ಇವರಿಗೆ ಹತ್ತು ವರ್ಷದ ಸಿಟ್ಟನ್ನು ಮುಖಕ್ಕೆ ಹೇಳಿಯೇ ಬರುತ್ತೇನೆಂದು ಕಾಪುವಿನ ಬಸ್ಸು ಹತ್ತಿದೆ.

ಜಗಲಿಯಲ್ಲಿ ಸಂಜೀವನೊಬ್ಬನೇ ಇದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾ," ಎಂದ, ಹೋದ ವಾರ ಬಂದು ಹೋದವನಿಗೆ ಹೇಳುವ ಹಾಗೆ. ಸುಂದರಿಯಕ್ಕ ಒಳಗಿನಿಂದ ರೆಕಾರ್ಡರು ತಂದು ಕ್ಯಾಸೆಟ್ಟು ಹಾಕಿದರು.

ಮುದುಕಿಯ ಹಾಡು. ನಡುವೆ ಟಕ್ಕೆಂಬ ಸದ್ದು, ಆಮೇಲೆ ನಾನು. ನನ್ನ ಸ್ವರ ಅಷ್ಟು ಕರ್ಕಶವೆಂದು ನನಗೆ ಗೊತ್ತಿರಲಿಲ್ಲ. ಎಷ್ಟು ಕೊಟ್ಟೆ, ಎಷ್ಟು ಕೊಟ್ಟೆ, ನಾಲ್ಕು ಸಲ ಕೇಳಿದ್ದೆ. ಬೈಗುಳ, ಚಪ್ಪಲಿಯ ಸದ್ದು. ನಾನು ಹೋದ ಮೇಲೂ ಯಂತ್ರ ಓಡುತ್ತಲೇ ಇತ್ತು. ಆಮೇಲೆ ಅನಂತನ ಸ್ವರ: "ಹೋದನಲ್ಲ ಮಾರಾಯ." ಸಂಜೀವನ ಸ್ವರ: "ಸಿಟ್ಟು ಇಳಿದ್ರೆ ಬರ್ತಾನೆ. ಅವನ ಕುರ್ಚಿ ಯಾರೂ ತೆಗೀಬೇಡಿ." ಮತ್ತೊಂದು ಟಕ್ಕು, ಅರ್ಧ ಸಾಲಿನಿಂದ ಮುದುಕಿಯ ಹಾಡು.

ಅಳು ಬಂತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಬಂದದ್ದು ಸಿಟ್ಟು. "ಈ ಮಾತು ಇದೆಯೆಂದು ಕಾರ್ಡಿನಲ್ಲಿ ಯಾಕೆ ಬರೆಯಲಿಲ್ಲ?" ಎಂದು ರೇಗಿದೆ.

"ಬಂದು ಕೇಳಿ ಅಂತ ಬರೆದಿದ್ದೆ," ಎಂದರು ಸುಂದರಿಯಕ್ಕ.

"ಅಮ್ಮ?"

"ಹೋಗಿ ಮೂರು ವರ್ಷ ಆಯ್ತು. ಮತ್ತೆ ಹಾಡ್ಲಿಲ್ಲ."

ರೆಕಾರ್ಡರಿನ ಗುಂಡಿಗಳ ಹತ್ತಿರ ಇದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಆ ಹೊತ್ತಿಗೆ ಸಂಜೀವ ಕಪಾಟಿನಿಂದ ಒಂದು ದುರ್ಬೀನು ತಂದು ಮೇಜಿನ ಮೇಲಿಟ್ಟ. ಹೋದ ತಿಂಗಳು ಕೊಂಡದ್ದಂತೆ. ಕೈ ತನ್ನಷ್ಟಕ್ಕೆ ಅದನ್ನು ತಿರುಗಿಸಿ ತಳ ನೋಡಿತು. ಒಂದು ಗಾಜಿನ ಅಂಚಿನಲ್ಲಿ ಗೀರಿತ್ತು. ನಾನು ತುಟಿ ಕಚ್ಚಿಕೊಂಡೆ.

"ಕೇಳುದಿಲ್ವಾ?" ಎಂದ ಸಂಜೀವ. "ಕೇಳು ಮಾರಾಯ. ಇವತ್ತು ನಿಜವೇ ಹೇಳ್ತೇನೆ."

ಕೇಳಿದೆ. ಹೇಳಿದ. ಮೈ ಉರಿದುಹೋಯಿತು. ಹಗಲು ದರೋಡೆ! ನಾಲಿಗೆಯ ತುದಿಗೆ ಬಂದ ಹಳೆಯ ಮಾತನ್ನು ನುಂಗಿದೆ. ಇಷ್ಟು ವರ್ಷ ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವನನ್ನು ಬಯ್ಯುತ್ತ ಬಂದಿದ್ದೆನಲ್ಲ! "ಯಾವ ಅಂಗಡಿ?" ಎಂದೆ. "ರಶೀದಿ ಕೊಡು. ನಾಳೆ ಮೊದಲ ಬಸ್ಸಿಗೆ ಹೋಗಿ ಅವನನ್ನು ವಿಚಾರಿಸ್ತೇನೆ."

"ಅಂಗಡಿ ಅಲ್ಲೇ ಇರ್ತದೆ," ಎಂದು ಸಂಜೀವ ದುರ್ಬೀನನ್ನು ನೆಟ್ಟಗೆ ತಿರುಗಿಸಿ ನನ್ನ ಕಣ್ಣಿಗೆ ಹಿಡಿದ. "ಮೊದಲು ನೋಡು."

ನೋಡಿದೆ. ಜಗಲಿಯೆದುರಿನ ಸಮುದ್ರದಲ್ಲಿ ದೂರಕ್ಕೆ ಚುಕ್ಕಿಯಂತಿದ್ದ ದೋಣಿ ಕೈಗೆಟುಕುವಷ್ಟು ಹತ್ತಿರ ಬಂತು. ಬಲೆ ಎಳೆಯುತ್ತಿದ್ದವನ ಬನಿಯನಿನ ತೂತೂ ಕಾಣುತ್ತಿತ್ತು. ಅವನು ಯಾರೊಡನೆಯೋ ಏನೋ ಹೇಳಿ ನಗುತ್ತಿದ್ದ. ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲೇ, ತುಂಬ ಹೊತ್ತು ನೋಡಿದೆ.