ಉಬಾಲ್ದೊನ ಬೆಲ್ ಏರ್

ಉಬಾಲ್ದೊ ತೀರಿಕೊಂಡು ಇಂದಿಗೆ ಒಂಬತ್ತು ದಿನ. ಹವಾನಾದ ನಮ್ಮ ಬೀದಿಯಲ್ಲಿ ಮೂವತ್ತೊಂದು ವರ್ಷ ಬಾಡಿಗೆ ಕಾರು ಓಡಿಸಿದವನು. ನಾನು ಅವನ ಗೆಳೆಯ, ನಿವೃತ್ತ ಮೇಷ್ಟ್ರು. ಅವನಿಗೆ ನಾನು ಮಾಡಿದ್ದನ್ನು ಬಿಟ್ಟು ಅವನ ಬಗ್ಗೆ ಬರೆಯಲಾರೆ.

ಕಾರು 1957ರ ಷೆವ್ರೊಲೆ. ಅದರ ಮೇಲಿನ 'ಬೆಲ್ ಏರ್' ಎಂಬ ಹೊನ್ನಿನ ಬಣ್ಣದ ಅಕ್ಷರಗಳನ್ನು ದಿನಾ ಬೆಳಿಗ್ಗೆ ಅಂಗಿಯ ತೋಳಿನಿಂದ ಉಜ್ಜುತ್ತಿದ್ದ. ಒಳಗಿದ್ದದ್ದು ರಷ್ಯದ ಎಂಜಿನ್ನು, ಬ್ರೇಕಿಗೆ ಎಣ್ಣೆಯ ಬದಲು ಶಾಂಪೂ. ಅದನ್ನು ನಗುತ್ತಲೇ ಒಪ್ಪಿಕೊಳ್ಳುತ್ತಿದ್ದ. "ಕರುಳು ಯಾರದಾದ್ರೂ ಇರ್ಲಿ, ಮೈ ನಮ್ಮಪ್ಪ ಹೊಸದಾಗಿ ಕೊಂಡದ್ದು. ಷೆವ್ರೊಲೆಯ ಮೂರು ದರ್ಜೆಲಿ ಮೇಲಿಂದು!" ಅವನ ಅಪ್ಪ ಬಂದರಿನಲ್ಲಿ ಮೂಟೆ ಹೊತ್ತವರು.

ನಾನು ಕಾರಿನ ಬಾಗಿಲನ್ನು ದಢಾರನೆ ಹಾಕಿದಾಗೆಲ್ಲ ಬೈಯುತ್ತಿದ್ದ: "ಮೇಷ್ಟ್ರೇ, ಅದು ನಿಮ್ಮನೆ ಫ್ರಿಜ್ ಅಲ್ಲ ಕಣ್ರೀ!"

ಹೋದ ವರ್ಷ ಹಳೆಯ ಕಾರುಗಳ ಪುಸ್ತಕವೊಂದು ನನ್ನ ಕೈಗೆ ಬಂತು. ಆ ವರ್ಷದ ಮೂರೂ ದರ್ಜೆಗೆ ಮೈಕಟ್ಟು ಒಂದೇ. ಹೊನ್ನಿನ ಜಾಲರಿ, ಹಿಂದಿನ ರೆಕ್ಕೆಯ ಅಲ್ಯುಮಿನಿಯಂ ಹಾಳೆ, ಇವೆಲ್ಲ ಬೆಲ್ ಏರ್‌ಗೆ ಮಾತ್ರ. ಆದರೆ ಅವನ್ನು ಆಮೇಲೂ ಕೂರಿಸಬಹುದು; ಬಾಗಿಲ ಕಂಬದ ತಗಡಿನಲ್ಲಿ ಒತ್ತಿದ, ದರ್ಜೆ ಹೇಳುವ ಸಂಖ್ಯೆ ಬದಲಾಗದು. ಮರದಡಿ ಡಾಮಿನೊ ಆಡುತ್ತಿದ್ದವರೆದುರು ನಾನು ಬಾಗಿ ಅದನ್ನು ಓದಿದೆ.

"ಇದು ಬೆಲ್ ಏರ್ ಅಲ್ಲವೋ ಉಬಾಲ್ದೊ. ಅದರ ಕೆಳಗಿನ ದರ್ಜೆದು. ಯಾರೋ ಒಡವೆ ಹಾಕಿ ನಿಮ್ಮಪ್ಪಂಗೆ ಮಾರಿದಾರೆ."

"ಹಾಗಾದ್ರೆ ಇಷ್ಟು ವರ್ಷ ಕೆಲಸದವಳ್ಗೆ ರಾಣಿ ಅಂತ ಸಲಾಮು ಹೊಡೆದ್ವಾ!" ಎಂದ ಎದುರು ಮನೆಯ ನಿಕಾನೊರ್. ಎಲ್ಲ ನಕ್ಕರು. ನಾನೂ ನಕ್ಕೆ.

"ಅಪ್ಪಂಗೆ ಗೊತ್ತಿರ್ಲಿಲ್ಲ ಅನ್ಸುತ್ತೆ," ಎಂದಷ್ಟೇ ಹೇಳಿದ ಉಬಾಲ್ದೊ. ಮರುದಿನ ಅಕ್ಷರಗಳಿದ್ದ ಜಾಗದಲ್ಲಿ ತೂತು ಮುಚ್ಚಿದ ಗುರುತು. ಆಮೇಲೆ ಅವನು ಅಪ್ಪನ ಕತೆಯನ್ನು ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಹನ್ನೊಂದು ತಿಂಗಳು ಅಂದುಕೊಂಡೆ. ಹೇಳಿದ್ದು ನಿಜ ತಾನೇ ಎಂದು ಸುಮ್ಮನಾದೆ.

ನಿನ್ನೆ ಅವನ ಮಗಳು ಒದಾಲಿಸ್ ಕಾಫಿ ಡಬ್ಬಿಯೊಂದನ್ನು ತಂದಳು. ಒಳಗೆ ಆ ಅಕ್ಷರಗಳು. ಒಂದಕ್ಕೂ ಕಿಲುಬು ಹತ್ತಿರಲಿಲ್ಲ; ಉಜ್ಜುವುದನ್ನು ಅವನು ಬಿಟ್ಟಿರಲಿಲ್ಲ.

"ನಾಳೆಯಿಂದ ಗಾಡಿ ನಾನು ಓಡಿಸ್ತೀನಿ ಮೇಷ್ಟ್ರೇ. ಇವು ಎಲ್ಲಿ ಕೂರ್ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಇರುತ್ತಲ್ವಾ?"

ಅಳತೆ ಸಮೇತ ಇತ್ತು. ಇಬ್ಬರೂ ಸೇರಿ ಕೂರಿಸಿದೆವು. "ಅಪ್ಪ ನಿಮ್ಮ ಬಗ್ಗೆ ಯಾವತ್ತೂ ಏನೂ ಅನ್ಲಿಲ್ಲ," ಎಂದಳು, ನಾನು ಕೇಳದೆಯೇ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಮೇಲೆ ಕಾರಿನೊಳಗೆ ಅವಳ ಪಕ್ಕ ಕೂತು, ಎರಡೂ ಕೈಯಲ್ಲಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ. ಅದು ಸರಿಯಾಗಿ ಹಾಕಿಕೊಳ್ಳಲಿಲ್ಲ.

"ಸ್ವಲ್ಪ ಜೋರಾಗಿ, ಮೇಷ್ಟ್ರೇ," ಎಂದಳು ಒದಾಲಿಸ್.