ಸಾಲಿಗ್ರಾಮದೊಳಗಿನ ಪ್ರಾಣಿ

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡುವವಳು. ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಬಯ್ಯುವುದು ನನ್ನನ್ನೇ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಪೆರಾಬೆಯ ನಮ್ಮ ಮನೆಯಲ್ಲಿ, ಕಾಲೇಜಿನಿಂದ ತಂದ ನಾಟಿಲಸ್ ಎಂಬ ಕಡಲಪ್ರಾಣಿಯ ಚಿಪ್ಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. ಚಿಪ್ಪನ್ನು ನಡುವೆ ಸೀಳಿದ್ದರಿಂದ ಒಳಗಿನ ಸುರುಳಿ, ಅದರ ಪುಟ್ಟ ಪುಟ್ಟ ಕೋಣೆಗಳು ಎಲ್ಲ ಕಾಣುತ್ತಿದ್ದವು. ಅದನ್ನು ನೋಡಿದ ಅಪ್ಪ ದೇವರ ಕೋಣೆಗೆ ಹೋಗಿ ಸಾಲಿಗ್ರಾಮ ಹಿಡಿದುಕೊಂಡು ಬಂದರು. ಹೆಂಗಸರು ಮುಟ್ಟಬಾರದೆಂದು ಚಿಕ್ಕಂದಿನಿಂದ ನನ್ನನ್ನು ದೂರವೇ ಇಟ್ಟಿದ್ದ ಕಲ್ಲು. ಅವರೇ ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಇದರೊಳಗೂ ಅದೇ ಸುರುಳಿ ಉಂಟಲ್ಲ. ಇದು ಎಂತದು, ನೋಡಿ ಹೇಳು."

ನನಗೆ ಹಿಗ್ಗೋ ಹಿಗ್ಗು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ನಾಟಿಲಸ್‌ನ ಪೂರ್ವಜ ಪ್ರಾಣಿಗಳು ಮೊದಲು ಕೋಲಿನಂತೆ ನೆಟ್ಟಗಿದ್ದವು, ಆಮೇಲೆ ಸುರುಳಿ ಸುತ್ತಿಕೊಂಡವು. ಆ ವಂಶದಿಂದ ಒಡೆದ ಕವಲು ಅಮೋನೈಟ್. ಹಿಮಾಲಯ ಇರುವಲ್ಲಿ ಹಿಂದೆ ಕಡಲಿತ್ತು. ಅದರ ಕೆಸರಿನಲ್ಲಿ ಸತ್ತು ಕಲ್ಲಾದ ಅಮೋನೈಟೇ ಈ ಸಾಲಿಗ್ರಾಮ. ಡೈನೋಸಾರ್‌ಗಳ ಜೊತೆಗೆ ಆ ಕುಲವೂ ಅಳಿಯಿತು, ನಾಟಿಲಸ್ ಮಾತ್ರ ಆಳದ ಕಡಲಿನಲ್ಲಿ ಇವತ್ತಿಗೂ ಉಳಿದಿದೆ.

"ಅದು ಎಂತ ತಿನ್ನುದು?" ಅಪ್ಪ ಕೇಳಿದರು.

"ಸಿಗಡಿ, ಏಡಿ, ಸಿಕ್ಕಿದ್ದು. ಮೀನು ಮಾರ್ಕೆಟಲ್ಲಿ ಬೊಂಡಾಸ್ ಅಂತ ಸ್ಕ್ವಿಡ್ ಮಾರ್ತಾರಲ್ಲ ಅಪ್ಪ, ಅದರ ದಾಯಾದಿ."

ನನ್ನ ಜಾಣತನಕ್ಕೆ ನಾನೇ ನಕ್ಕೆ. ಅಪ್ಪ ನಗಲಿಲ್ಲ.

ಅವರು ಪೂಜೆಯನ್ನೇನೂ ಬಿಡಲಿಲ್ಲ. ಆದರೆ ಮರುದಿನದಿಂದ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿದ ತೀರ್ಥವನ್ನು ಕುಡಿಯುವುದು ಬಿಟ್ಟರು, ಅಷ್ಟನ್ನೂ ತುಳಸಿಯ ಬುಡಕ್ಕೆ ಸುರಿಯತೊಡಗಿದರು. ಅಮ್ಮ ಕೇಳಿದರೆ, "ಮೀನು ತೊಳೆದ ನೀರು ಕುಡಿಯುದು ಹೇಗೆ?" ಎಂದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೇ ಎದುರು ಕೂತು ಸಮಾಧಾನ ಹೇಳಬಹುದಿತ್ತು. ಅಪ್ಪ ನನ್ನ ವಿಜ್ಞಾನವನ್ನು ಒಪ್ಪಿದರು ಎಂಬ ಹಮ್ಮಿನಲ್ಲಿ ನಾನು ಸುಮ್ಮನಿದ್ದೆ. ಆ ಹಮ್ಮಿಗೆ ಬೆಂಕಿ ಬೀಳಲಿ.

ಈ ವರ್ಷ ಶ್ವಾಸಕೋಶ ಕೆಟ್ಟು ಅವರು ಪುತ್ತೂರಿನ ಆಸ್ಪತ್ರೆ ಸೇರಿದರು. ಮನೆಯವರನ್ನೆಲ್ಲ ಕರೆಸಿ ಎಂದು ಡಾಕ್ಟರು ಹೇಳಿದ ದಿನ ಅಮ್ಮ ಪುಟ್ಟ ಬಾಟಲಿಯಲ್ಲಿ ತೀರ್ಥ ತಂದಳು. ಪ್ರಾಣ ಹೋಗುವಾಗ ಸಾಲಿಗ್ರಾಮದ ತೀರ್ಥ ಬಾಯಿಗೆ ಬೀಳದಿದ್ದರೆ ಸದ್ಗತಿಯಿಲ್ಲ ಎಂಬುದು ಅವಳ ನಂಬಿಕೆ. ಚಮಚ ತುಟಿಗೆ ತಾಗಿದೊಡನೆ ಅಪ್ಪ ಬಾಯಿ ಬಿಗಿದುಕೊಂಡರು. ತೀರ್ಥ ಕೆನ್ನೆಯ ಮೇಲಿಂದ ಇಳಿದು ದಿಂಬು ಒದ್ದೆಯಾಯಿತು.

"ನೀನೇ ಹೇಳು. ನೀನು ಹೇಳಿದ್ರೆ ಕೇಳ್ತಾರೆ," ಎಂದಳು ಅಮ್ಮ.

ನಾನು ಅವರ ಕಿವಿಯ ಹತ್ತಿರ ಬಗ್ಗಿದೆ. "ಅಪ್ಪ, ನಾನು ಅವತ್ತು ಹೇಳಿದ್ದು ತಪ್ಪು. ಅದರೊಳಗೆ ಪ್ರಾಣಿ ಗೀಣಿ ಎಂತದೂ ಇಲ್ಲ. ಅದು ದೇವರೇ."

ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಏದುಸಿರಿನ ನಡುವೆ, "ಮಕ್ಕಳಿಗೂ ಹೀಗೇ ಸುಳ್ಳು ಪಾಠ ಮಾಡುದಾ ನೀನು?" ಎಂದರು. ಆಮೇಲೆ, "ಬರೀ ನೀರು ಕೊಡು" ಎಂದರು.

ಕೊಟ್ಟೆ. ಎರಡು ಚಮಚ ಕುಡಿದರು. ಮೂರನೆಯದು ಒಳಗೆ ಇಳಿಯಲಿಲ್ಲ.