ಅಜ್ಜಿಯ ಮೊರದ ಪಕ್ಕದ ಜಾಗ

ಸೊಗಡವರೆಯ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವುದು ಸಾರಲ್ಲ, ಹೊಟ್ಟೆಕಿಚ್ಚು. ಐವತ್ತರ ದಶಕದಲ್ಲಿ, ಹೊಳೆನರಸೀಪುರದ ಹತ್ತಿರದ ನಮ್ಮ ಮನೆಯಲ್ಲಿ, ಚಳಿ ಶುರುವಾಯಿತೆಂದರೆ ಹೊಲದ ಅವರೆಕಾಯಿ ಬಂದು ನಡುಮನೆ ತುಂಬುತ್ತಿತ್ತು. ಎಷ್ಟು ತೊಳೆದರೂ ಕೈಬಿಡದ ಆ ಘಮ ರಾತ್ರಿ ಕಂಬಳಿಯೊಳಕ್ಕೂ ಬರುತ್ತಿತ್ತು. ಸುಲಿದ ಕಾಳನ್ನು ನೆನೆಹಾಕಿ, ಮಾರನೆಯ ದಿನ ಹೆಂಗಸರೆಲ್ಲ ಕೂತು ಎರಡು ಬೆರಳಲ್ಲಿ ಹಿದುಕಿದರೆ ಹಸಿರು ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರಿ ಮೊರಕ್ಕೆ ಬೀಳುತ್ತಿತ್ತು. ಅಜ್ಜಿಗೆ ಅವಳದೇ ಒಂದು ಮೊರ. ವರ್ಷವರ್ಷವೂ ಸಂದು ಮುಚ್ಚಲು ಮೆಂತ್ಯ, ಕಾಗದ ನೆನೆಸಿ ರುಬ್ಬಿ ಬಳಿದು ಅದು ಅಕ್ಕಿರೊಟ್ಟಿಯಷ್ಟು ದಪ್ಪಗಾಗಿತ್ತು. ಅದಕ್ಕೆ ಬೇರೆ ಯಾರೂ ಬೇಳೆ ಹಾಕುವಂತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಅಜ್ಜಿಯ ಮಂಡಿಗೆ ಮಂಡಿ ತಾಗಿಸಿ ಕೂತರೆ ನನ್ನನ್ನು ಹಿಡಿಯುವವರಿರಲಿಲ್ಲ. ನಿಮ್ಮ ಮನೆಯಲ್ಲೂ ನಿಮ್ಮದೇ ಅಂತ ಅಂಥ ಒಂದು ಜಾಗ ಇದ್ದಿರಬೇಕು.

ಚಿಕ್ಕಪ್ಪನ ಮದುವೆಯಾಗಿ ಚನ್ನರಾಯಪಟ್ಟಣದಿಂದ ಚಿಕ್ಕವ್ವ ಬಂದಳು. ಆ ಸಲದ ಅವರೆಗೆ ಅಜ್ಜಿ, "ಅತ್ಲಾಗ್ ಸರ್ಕೊ ಮಗ, ನಿನ್ ಚಿಕ್ಕವ್ವ ಇಲ್ ಕೂತ್ಕಳ್ಳಿ" ಅಂದಳು. ಇಷ್ಟೇ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಚಿಕ್ಕವ್ವನ ಮೂಗುಬೊಟ್ಟು, ಅವಳ ನಗು, ಯಾವುದೂ ನನಗೆ ಸೇರಲಿಲ್ಲ. ಅವಳ ಕೈಯಲ್ಲಿ ಒಂದು ಬೇಳೆಯಾದರೂ ಒಡೆಯಲಿ ಎಂದು ಕಣ್ಣಿಟ್ಟು ಕಾದೆ. ಒಡೆಯಲಿಲ್ಲ. ಕಂಬದ ಹತ್ತಿರ ಬೇರೆ ಮೊರ ಇಟ್ಟುಕೊಂಡಿದ್ದ ಅವ್ವನ ಪಕ್ಕಕ್ಕೆ ಹೋಗಿ ಮುಖ ಊದಿಸಿಕೊಂಡು ಕೂತೆ. ಅವ್ವ ತಲೆ ಎತ್ತದೆ ಮೆಲ್ಲಗೆ ಹೇಳಿದಳು: "ನೀನಾರ ಇಷ್ಟ್ ದಿನ ಕೂತಿದ್ದೆ ಕಣವ್ವ. ನಾನ್ ಅರಕಲಗೂಡಿಂದ ಬಂದಾಗ್ಲಿಂದ ಆ ಮೊರ ಮುಟ್ಟಕ್ ಬಿಟ್ಟಿಲ್ಲ. ನಾನ್ ಇದುಕಿದ್ರೆ ಬ್ಯಾಳೆ ಒಡೀತದಂತೆ."

ಅಂದರೆ ಅವ್ವ ಅಷ್ಟು ದಿನ, ಹೆತ್ತ ಮಗಳು ಅಂತಲೂ ನೋಡದೆ, ನನ್ನ ಮೇಲೇ ಕರುಬಿದ್ದಳು. ನನಗೆ ಯಾಕೋ ಹಿತವಾಯಿತು. ಅಲ್ಲಿಂದ ನಾವಿಬ್ಬರೂ ಒಂದೇ ಮೊರದವರಾದೆವು. ಚಿಕ್ಕವ್ವ ಮಾಡಿದ ಸಾರನ್ನು ಮನೆಯವರೆಲ್ಲ ಹೊಗಳುವಾಗ ಅವ್ವ ನನ್ನ ಕಡೆ ನೋಡಿ, ಸದ್ದಿಲ್ಲದೆ ತುಟಿಯಲ್ಲೇ "ಉಪ್ ಜಾಸ್ತಿ" ಅನ್ನುವಳು. ಅವ್ವ ನನಗೆ ಅಷ್ಟು ಹತ್ತಿರವಾದದ್ದು ಆ ಹೊಟ್ಟೆಕಿಚ್ಚಿನಿಂದಲೇ.

ಅಜ್ಜಿ ತೀರಿಕೊಂಡ ಮೇಲೆ ಪಾಲಾಯಿತು. ಹಳೆಮನೆ ಚಿಕ್ಕಪ್ಪನಿಗೆ ಹೋಯಿತು, ಅದರ ಜೊತೆ ಮೊರವೂ ಹೋಯಿತು. ಹರಕು ಮೊರವನ್ನು ಬಾಯಿಬಿಟ್ಟು ಯಾರು ಕೇಳುತ್ತಾರೆ? ಅದನ್ನು ತೂಗುಹಾಕಿದ್ದ ಗೋಡೆಯನ್ನು ಅವ್ವ ಒಮ್ಮೆ ನೋಡಿ ಹೊರಟುಬಂದಳು. ನನಗೆ ಮದುವೆಯಾದ ಸ್ವಲ್ಪ ದಿನಕ್ಕೆ ಅವ್ವನೂ ತೀರಿಕೊಂಡಳು.

ಮುಂದಿನ ಅವರೆ ಕಾಲಕ್ಕೆ ಹಳೆಮನೆಗೆ ಹೋದಾಗ ಚಿಕ್ಕವ್ವ ಬೇಳೆ ಹಿದುಕುತ್ತಿದ್ದಳು. "ಬಾ ಮಗ, ಇಲ್ ಬಾ" ಎಂದು ಸರಿದು, ಅದೇ ಮೊರದ ಪಕ್ಕ ನನಗೆ ಜಾಗ ಮಾಡಿದಳು. ಕೂತೆ. ಹಿಡಿ ಕಾಳು ತೆಗೆದುಕೊಂಡು ಮೊದಲನೆಯದನ್ನು ಹಿದುಕಿ, ಅವ್ವ ನೋಡಲಿ ಅಂತ ಕಂಬದ ಕಡೆ ತಿರುಗಿದೆ. ನನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.